ಸಭೆ ಅಲುಗಾಡ್ತಿರೋವಾಗ ಕ್ರಿಸ್ತನ ನಂಬಿಗಸ್ತಿಕೆ ಮೇಲೆ ಭಾರ ಹಾಕೋದು ಹೇಗೆ

ನಮ್ಮ ಸಭೆಯ, ಅಂದ್ರೆ ಚರ್ಚಿನ, ಅಯ್ಯನವರಿಗೆ (ಪಾಸ್ಟರಿಗೆ) ಟ್ರಾನ್ಸ್‌ಫರ್ ಆಗಿ ಹೊಸಬರು ಬಂದಿದ್ದಾರೆ, ಅರ್ಧ ಜನಕ್ಕೆ ಅವರು ಹಿಡಿಸ್ತಿಲ್ಲ. ಕಮಿಟಿ ಎಲೆಕ್ಷನ್ ಆದಾಗಿಂದ ಎರಡು ಗುಂಪು, ಒಂದು ಗುಂಪಿನೋರು ಬಲಗಡೆ ಬೆಂಚು, ಇನ್ನೊಂದು ಗುಂಪಿನೋರು ಎಡಗಡೆ. ಆಸ್ತಿ ವಿಷಯ ಕೋರ್ಟಲ್ಲಿದೆ. ಯೂತ್ ಗ್ರೂಪಲ್ಲಿದ್ದ ಹುಡುಗರು ಒಬ್ಬೊಬ್ಬರಾಗಿ ಬರೋದು ಬಿಟ್ಟಿದ್ದಾರೆ. ಇಂಥ ಸಮಯದಲ್ಲಿ ಯಾರಾದ್ರೂ ಬಂದು "ಕರ್ತನು ನೋಡ್ಕೊಳ್ತಾನೆ ಬಿಡಿ" ಅಂದ್ರೆ ಆ ಮಾತು ನಿಜಾನೇ, ಆದ್ರೆ ಅದನ್ನ ಹಿಡ್ಕೊಂಡು ಮುಂದಿನ ಭಾನುವಾರ ಹೇಗೆ ಆರಾಧನೆಗೆ ಹೋಗೋದು, ಯಾರ ಹತ್ರ ಏನ್ ಮಾತಾಡೋದು, ಮನೇಲಿ ಏನಂತ ಪ್ರಾರ್ಥನೆ ಮಾಡೋದು ಅನ್ನೋದು ಗೊತ್ತಾಗಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ. ಸಭೆ ದೇವರ ಮನೆ, ಆ ಮನೆ ಮೇಲೆ ಕ್ರಿಸ್ತ ಮಗನಾಗಿ ನಂಬಿಗಸ್ತನಾಗಿದ್ದಾನೆ ಅನ್ನೋದು ದಿನದ ಬದುಕಲ್ಲಿ ಕೆಲಸ ಮಾಡೋ ನಂಬಿಕೆ ಆಗ್ಬೇಕು ಅಂದ್ರೆ ಕೆಲವು ಹೆಜ್ಜೆ ಬೇಕು.

1. ಆರು ವಚನ ನಿಧಾನವಾಗಿ ಓದಿ

ಬೈಬಲ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ 3ನೇ ಅಧ್ಯಾಯ, 1ರಿಂದ 6. ಅಷ್ಟೇ. ಗಟ್ಟಿಯಾಗಿ ಓದಿ, ಮನೇಲಿ ಬೇರೆಯವರಿದ್ರೆ ಅವರಿಗೂ ಕೇಳಿಸೋ ಹಾಗೆ. ಈ ಪತ್ರಿಕೆ ಬರೆದೋರ ಹೆಸರು ಅದರಲ್ಲಿಲ್ಲ, ಆದ್ರೆ ಓದೋ ಜನ ಎಂಥ ಸ್ಥಿತೀಲಿದ್ರು ಅನ್ನೋದು ಒಳಗೇ ಕಾಣುತ್ತೆ: ಅವರ ಆಸ್ತಿಪಾಸ್ತಿ ಲೂಟಿ ಆಗಿತ್ತು, ಅವರಲ್ಲಿ ಕೆಲವರು ಜೈಲಲ್ಲಿದ್ರು, ಕೆಲವರು ಕೂಡಿಬರೋದನ್ನೇ ಬಿಟ್ಟಿದ್ರು (10ನೇ ಅಧ್ಯಾಯ ನೋಡಿ). ಅಂಥವರಿಗೆ ಮೊದಲು ಹೇಳೋದು "ಇನ್ನೂ ಗಟ್ಟಿಯಾಗಿರಿ" ಅಂತಲ್ಲ, ಯೇಸು ಕಡೆ ಲಕ್ಷ್ಯ ಕೊಟ್ಟು ನೋಡಿ ಅಂತ. ಇಸ್ರಾಯೇಲರನ್ನ ನಡೆಸಿದ ಮೋಶೆ ದೇವರ ಮನೇಲೆಲ್ಲಾ ಸೇವಕನಾಗಿ ನಂಬಿಗಸ್ತನಾಗಿದ್ದ, ಕ್ರಿಸ್ತ ಆ ಮನೆ ಮೇಲೆ ಮಗನಾಗಿ ನಂಬಿಗಸ್ತನಾಗಿದ್ದಾನೆ, ಆ ಮನೆ ಅಂದ್ರೆ ನಾವೇ.

ಇಷ್ಟು ಓದಿ ನಿಲ್ಲಿಸ್ಬೇಡಿ, ಬೈಬಲ್‌ನ ಅರಣ್ಯಕಾಂಡ 12ಕ್ಕೆ ಹೋಗಿ. ಮೋಶೆ ನಂಬಿಗಸ್ತ ಅಂತ ದೇವರು ಸರ್ಟಿಫಿಕೇಟ್ ಕೊಟ್ಟಿದ್ದು ಯಾವಾಗ? ಮನೆಯೊಳಗೇ ಜಗಳ ಆದಾಗ. ಸ್ವಂತ ಅಕ್ಕ ಮಿರ್ಯಾಮಳು, ಸ್ವಂತ ಅಣ್ಣ ಆರೋನ, ಇಬ್ಬರೂ ಸೇರಿ "ಯೆಹೋವನು ಮೋಶೆ ಮೂಲಕ ಮಾತ್ರಾನಾ ಮಾತಾಡಿದ್ದು" ಅಂತ ಶುರು ಮಾಡಿದ್ರು. ದೇವರೇ ಮಧ್ಯೆ ಬಂದು ನ್ಯಾಯ ಹೇಳಿದ್ರು, ಮಿರ್ಯಾಮಳಿಗೆ ಕುಷ್ಠ ಹತ್ತಿತು, ಆಗ ಮೋಶೆ ಸೇಡು ತೀರಿಸ್ಕೊಳ್ಳಲಿಲ್ಲ, ಅವಳನ್ನ ವಾಸಿಮಾಡು ಅಂತ ಕೂಗಿ ಬೇಡ್ಕೊಂಡ. ಅವಳು 7 ದಿನ ಪಾಳೆಯದ ಹೊರಗಿರಬೇಕಾಯ್ತು. ನನಗೆ ಈ ಅಧ್ಯಾಯದಲ್ಲಿ ತುಂಬಾ ಇಷ್ಟವಾಗೋದು ಅದರ ಮುಂದಿನ ಮಾತು: ಅವಳನ್ನ ವಾಪಸ್ ಸೇರಿಸ್ಕೊಳ್ಳೋವರೆಗೂ ಜನ ಮುಂದಕ್ಕೆ ಹೊರಡಲೇ ಇಲ್ಲ. ತಪ್ಪು ಮಾಡಿದೋಳಿಗೋಸ್ಕರ ಇಡೀ ಪಾಳೆಯ ಕಾಯ್ತು. ಶಿಸ್ತೂ ಇತ್ತು, ಕಾಯೋದೂ ಇತ್ತು.

ಹಾಗಾಗಿ ನಮ್ಮ ಸಭೇಲಿ ಜಗಳ ಬಂತು ಅಂದ ತಕ್ಷಣ "ಇದು ದೇವರ ಮನೆಯೇ ಅಲ್ಲ" ಅಂತ ತೀರ್ಮಾನ ಮಾಡೋಕೆ ಹೋಗ್ಬೇಡಿ. ಮೋಶೆ ದೇವರ ಮನೇಲೆಲ್ಲಾ ನಂಬಿಗಸ್ತ ಅನ್ನೋ ಮಾತೇ ಬಂದಿದ್ದು ಜಗಳದ ಮಧ್ಯದಲ್ಲಿ.

2. ಸೇವಕರನ್ನ ಸೇವಕರ ಜಾಗದಲ್ಲಿಡಿ

ಇದು ಕಷ್ಟದ ಹೆಜ್ಜೆ. ನಮ್ಮಲ್ಲಿ ತುಂಬಾ ಜನರ ನಂಬಿಕೆ ಒಬ್ಬ ಪಾಸ್ಟರ್ ಮೇಲೆ, ಒಬ್ಬ ಪ್ರಸಂಗಿ ಮೇಲೆ, ಒಂದು ಕುಟುಂಬದ ಮೇಲೆ ನಿಂತಿರುತ್ತೆ, ಅದು ನಮಗೇ ಗೊತ್ತಿರಲ್ಲ, ಅವರು ಬಿದ್ದಾಗಲೋ ಬಿಟ್ಟು ಹೋದಾಗಲೋ ಗೊತ್ತಾಗುತ್ತೆ. ಒಂದು ಹಾಳೆ ತಗೊಳ್ಳಿ. ನಿಮ್ಮ ನಂಬಿಕೆಗೆ ಆಸರೆ ಆದೋರ ಹೆಸರು ಬರೀರಿ, ಸಂಡೇ ಸ್ಕೂಲ್ ಟೀಚರ್, ಪ್ರಾರ್ಥನೆ ಕಲಿಸಿದ ಅಜ್ಜಿ, ದೀಕ್ಷಾಸ್ನಾನ ಕೊಟ್ಟ ಅಯ್ಯನವರು. ಒಂದೊಂದು ಹೆಸರಿಗೂ ದೇವರಿಗೆ ಸ್ತೋತ್ರ ಹೇಳಿ. ಆಮೇಲೆ ಒಂದೊಂದು ಹೆಸರಿನ ಮುಂದೆಯೂ "ಸೇವಕ", "ಸೇವಕಿ" ಅಂತ ಬರೀರಿ. ಅವಮಾನಕ್ಕಲ್ಲ. ಮೋಶೆಗೇ ಕೊಟ್ಟ ಬಿರುದು ಅದು. ಆದ್ರೆ ಮೋಶೆಯೂ ಅರಣ್ಯಕಾಂಡ 20ರಲ್ಲಿ ಬಂಡೆಗೆ ಎರಡು ಸಲ ಹೊಡೆದು, ಜನರ ಮೇಲಿನ ಸಿಟ್ಟಲ್ಲಿ ದೇವರ ಮಾತು ಮೀರಿ, ವಾಗ್ದಾನದ ದೇಶಕ್ಕೆ ಕಾಲಿಡದೇ ಹೋದ. ಎಷ್ಟೇ ನಂಬಿಗಸ್ತನಾದ್ರೂ ಸೇವಕನಿಗೆ ಒಂದು ಮಿತಿ ಇದೆ. ಮನೆ ಮಾತ್ರ ಅವನ ಜೊತೆ ಮುಗೀಲಿಲ್ಲ.

ನಮ್ಮ ನಾಡಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1834ರಲ್ಲಿ ಬಾಸೆಲ್ ಮಿಷನ್ನಿನೋರು (ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ, ಅದರಲ್ಲಿ ತುಂಬಾ ಜನ ಜರ್ಮನ್ನರು) ಮಂಗಳೂರಿಗೆ ಬಂದ್ರು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ಕೇಂದ್ರಗಳಾದ್ವು. ಸಭೆ ಅಂದ್ರೆ ಅವರು, ಶಾಲೆ ಅಂದ್ರೆ ಅವರು, ಪ್ರೆಸ್ಸು ಅವರದು, ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಅವರದು, ಸಭೆಯ ಎಷ್ಟೋ ಕುಟುಂಬಗಳ ಸಂಬಳವೂ ಅಲ್ಲಿಂದಲೇ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯ್ತು, ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರು ದೇಶದೋರು, ಅವರನ್ನ ಶಿಬಿರಗಳಲ್ಲಿಟ್ರು, ಆಮೇಲೆ ದೇಶದಿಂದ ಕಳಿಸಿದ್ರು, ಕಾರ್ಖಾನೆಗಳು ಅವರ ಕೈ ಬಿಟ್ಟು ಹೋದ್ವು. 80 ವರ್ಷ ಯಾರನ್ನ ನೋಡಿ "ಇವರಿಂದಲೇ ಸಭೆ" ಅಂದ್ಕೊಂಡಿದ್ರೋ ಅವರೇ ಇಲ್ಲ. ಆದ್ರೂ ಭಾನುವಾರ ಗಂಟೆ ಹೊಡೀತು, ಊರಿನ ಉಪದೇಶಿಗಳು, ಹಿರಿಯರು, ಹೆಂಗಸರು ಸೇರಿ ವಾಕ್ಯ ಓದಿದ್ರು, ಮಕ್ಕಳಿಗೆ ದೀಕ್ಷಾಸ್ನಾನ ಆಯ್ತು, ಸತ್ತವರನ್ನ ಮಣ್ಣು ಮಾಡಿದ್ರು. ಆ ಸಭೆಗಳು ಇವತ್ತಿಗೂ ಕೂಡ್ತಿವೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಡಿಯಲ್ಲಿ. ನಿಮ್ಮೂರಿನ ಗುಡಿಯ, ಅಂದ್ರೆ ಚರ್ಚಿನ, ಹಳೇ ರಿಜಿಸ್ಟರ್ ನೋಡೋಕೆ ಅವಕಾಶ ಸಿಕ್ರೆ 1914ರ ನಂತರದ ಪುಟಗಳನ್ನ ತಿರುವಿ ನೋಡಿ, ಆ ವರ್ಷಗಳ ದೀಕ್ಷಾಸ್ನಾನದ ಸಾಲುಗಳು ಓದೋಕೆ ಸಿಕ್ರೆ ಅದಕ್ಕಿಂತ ಒಳ್ಳೆ ಪ್ರಸಂಗ ಬೇಡ.

ನಿಮ್ಮ ಅಯ್ಯನವರ ಟ್ರಾನ್ಸ್‌ಫರ್ ಬಗ್ಗೆ ಅಳು ಬಂದ್ರೆ ಅಳಿ, ಪ್ರೀತಿ ಇದ್ದಲ್ಲಿ ಅಳು ಇರುತ್ತೆ. ಮಗ ಮನೆ ಬಿಟ್ಟು ಹೋಗಿಲ್ಲ ಅನ್ನೋದನ್ನೂ ಅದೇ ಅಳುವಿನಲ್ಲಿ ಹೇಳ್ಕೊಳ್ಳಿ.

3. ಏನು ಮಾತು ಕೊಟ್ಟಿದ್ದಾನೆ, ಏನು ಕೊಟ್ಟಿಲ್ಲ ಅಂತ ತಿಳ್ಕೊಳ್ಳಿ

ಇಲ್ಲಿ ತುಂಬಾ ಜನ ಎಡವ್ತಾರೆ. ಕ್ರಿಸ್ತ ಸಭೆಗೆ ನಂಬಿಗಸ್ತ ಅಂದ್ರೆ ನಮ್ಮ ಸಭೆ ಕಟ್ಟಡ ಉಳಿಯುತ್ತೆ, ನಮ್ಮ ಕೇಸು ಗೆಲ್ಲುತ್ತೆ, ನಮ್ಮ ಡಿನಾಮಿನೇಷನ್ ದೊಡ್ಡದಾಗುತ್ತೆ ಅಂತ ಅಂದ್ಕೋತಾರೆ. ಹಾಗಲ್ಲ. ಎಫೆಸದ ಸಭೆಯ ಕಥೆ ಒಂದನ್ನೇ ಹಿಡ್ಕೊಂಡು ಓದಿ, ಬೈಬಲ್‌ನಲ್ಲಿ ಒಂದೇ ಊರಿನ ಸಭೆ ಇಷ್ಟು ಕಡೆ ಬರೋದು ಅಪರೂಪ, ಒಂದು ವಾರ ಹಿಡೀಬಹುದು, ಪರವಾಗಿಲ್ಲ.

ಅಪೊಸ್ತಲರ ಕೃತ್ಯಗಳು 19ರಲ್ಲಿ ಅದು ಹುಟ್ಟೋದು, ಮಾಟಮಂತ್ರ ಮಾಡ್ತಿದ್ದೋರು ತಮ್ಮ ಪುಸ್ತಕ ತಂದು ಎಲ್ಲರೆದುರಿಗೆ ಸುಟ್ರು, ಲೆಕ್ಕ ಹಾಕಿದ್ರೆ 50,000 ಬೆಳ್ಳಿ ನಾಣ್ಯದಷ್ಟು ಬೆಲೆ. ಎಂಥ ಶುರು! 20ನೇ ಅಧ್ಯಾಯಕ್ಕೆ ಬನ್ನಿ, ಪೌಲ 3 ವರ್ಷ ಅಲ್ಲಿ ಕಣ್ಣೀರು ಹಾಕಿ ಕಲಿಸಿದೋನು, ಆ ಸಭೆ ಹಿರಿಯರನ್ನ ಮಿಲೇತಕ್ಕೆ ಕರೆಸ್ಕೊಂಡು ನಿಮ್ಮೊಳಗಿಂದಲೇ ಕೆಲವರು ಎದ್ದು ಸತ್ಯ ತಿರುಚ್ತಾರೆ, ಹಿಂಡು ಉಳಿಸದ ತೋಳಗಳು ಬರ್ತಾವೆ ಅಂತ ಎಚ್ಚರಿಸ್ತಾನೆ. ಆಮೇಲೆ ಅದೇ ಊರಲ್ಲಿ ತನ್ನ ಜೊತೆಕೆಲಸದ ತಿಮೊಥೆಯನನ್ನ ಬಿಟ್ಟು ಅವನಿಗೆ ಪತ್ರ ಬರೀತಾನೆ, ದೇವರ ಮನೇಲಿ ಹೇಗೆ ನಡ್ಕೋಬೇಕು ಅಂತ, ಜೀವಸ್ವರೂಪನಾದ ದೇವರ ಸಭೆ ಸತ್ಯಕ್ಕೆ ಸ್ತಂಭ ಅಂತ (1 ತಿಮೊಥೆಯ 3:15). ಕೊನೆಗೆ ಪ್ರಕಟನೆ 2ರಲ್ಲಿ ಯೇಸು ತಾನೇ ಆ ಸಭೆ ಜೊತೆ ಮಾತಾಡ್ತಾನೆ. ನಿನ್ನ ಕಷ್ಟ ಗೊತ್ತು, ತಾಳ್ಮೆ ಗೊತ್ತು, ಸುಳ್ಳು ಅಪೊಸ್ತಲರನ್ನ ಪರೀಕ್ಷೆ ಮಾಡಿದ್ದು ಗೊತ್ತು, ಆದ್ರೆ ಮೊದಲಿದ್ದ ಪ್ರೀತಿ ಬಿಟ್ಟುಬಿಟ್ಟಿದ್ದೀ, ತಿರುಗಿಕೊಳ್ಳದಿದ್ರೆ ದೀಪಸ್ತಂಭ (ಅಲ್ಲಿ ಅದು ಸಭೆಯ ಗುರುತು) ಅದರ ಜಾಗದಿಂದ ತೆಗೀತೀನಿ ಅಂತ.

ಇವತ್ತು ಎಫೆಸ ಟರ್ಕಿ ದೇಶದಲ್ಲಿ ಕಲ್ಲಿನ ಕಂಬಗಳ ಪಾಳು ಊರು, ಪ್ರವಾಸಿಗಳು ಟಿಕೆಟ್ ತಗೊಂಡು ನೋಡ್ತಾರೆ. ಹಾಗಾದ್ರೆ ಕ್ರಿಸ್ತ ನಂಬಿಗಸ್ತನಾಗಿರಲಿಲ್ವಾ? ಇದ್ದ. ಆ ಸಭೆಗೆ ಬರೆದ ಪತ್ರ ನಿಮ್ಮ ಮೊಬೈಲಲ್ಲಿ ಕನ್ನಡದಲ್ಲಿ ಓದೋಕೆ ಸಿಗ್ತಿದೆ, ಅಲ್ಲಿ ಹಚ್ಚಿದ ದೀಪದ ಬೆಳಕು ಎಷ್ಟೋ ದೇಶ ದಾಟಿ ಬಂತು. ಮತ್ತಾಯ 16:18ರಲ್ಲಿ ಅವನು ಹೇಳಿದ್ದು ನನ್ನ ಸಭೆಯನ್ನ ಕಟ್ತೀನಿ, ಪಾತಾಳಲೋಕದ ಬಲ ಅದನ್ನ ಸೋಲಿಸಲ್ಲ ಅಂತ. ಒಂದು ಬೀದಿಯ ಒಂದು ಕಟ್ಟಡ ಎಂದೆಂದಿಗೂ ಇರುತ್ತೆ ಅಂತ ಅವನು ಮಾತು ಕೊಟ್ಟಿಲ್ಲ. ಪ್ರಕಟನೆಯ ಏಳು ಪತ್ರಗಳಲ್ಲಿ ಗದರೋದೂ ಇದೆ, ಅದೇ ನನಗೆ ಧೈರ್ಯ ಕೊಡುತ್ತೆ, ಯಾಕಂದ್ರೆ ಏಳು ದೀಪಸ್ತಂಭಗಳ ಮಧ್ಯೆ ಅವನು ಓಡಾಡ್ತಿದ್ದಾನೆ, ಒಂದೊಂದರ ಪರಿಸ್ಥಿತಿಯೂ ಅವನಿಗೆ ಗೊತ್ತು, ಲವೊದಿಕೀಯದಂಥ ಉಗುರುಬೆಚ್ಚಗಿನ ಸಭೆಯ ಬಾಗಿಲು ಹತ್ರಾನೂ ನಿಂತು ತಟ್ತಿದ್ದಾನೆ. ಪ್ರೀತಿ ಇರೋದ್ರಿಂದಲೇ ಗದರೋದು ಅಂತ ಅಲ್ಲೇ ಹೇಳಿದ್ದಾನೆ.

ಮಾಡ್ಬೇಕಾದ್ದು: ನಿಮ್ಮ ಸಭೆ ಬಗ್ಗೆ ನೀವು ಬೇಡ್ಕೊಳ್ತಿರೋದನ್ನ ಎರಡು ಭಾಗ ಮಾಡಿ. ಅವನು ಮಾತು ಕೊಟ್ಟಿರೋದು ಒಂದು ಕಡೆ (ತನ್ನವರನ್ನ ಬಿಡಲ್ಲ, ಅವರಿಗಾಗಿ ಬೇಡ್ತಾ ಜೀವಿಸ್ತಾನೆ, ಇಬ್ರಿಯ 7:25, 13:5). ನಮ್ಮ ಆಸೆಗಳು ಇನ್ನೊಂದು ಕಡೆ (ಹಾಲ್ ಕಟ್ಟೋದು, ಕೇಸು, ಹಳೇ ಜನ ವಾಪಸ್ ಬರೋದು). ಎರಡನ್ನೂ ಬೇಡ್ಕೊಳ್ಳಿ, ಮೊದಲನೇದನ್ನ ಹಕ್ಕಿನಿಂದ, ಎರಡನೇದನ್ನ "ನಿನ್ನ ಚಿತ್ತ" ಅಂತ.

4. ತಪ್ಪು ನಡೆದಿದ್ರೆ ಮನೆಯ ನಿಯಮದ ಪ್ರಕಾರ ಹೋಗಿ

ಕ್ರಿಸ್ತನ ಮೇಲೆ ನಂಬಿಕೆ ಇಡೋದು ಅಂದ್ರೆ ಬಾಯಿ ಮುಚ್ಕೊಂಡು ಕೂರೋದು ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಮನೆ ಯಜಮಾನ ಇದ್ದಾನೆ ಅನ್ನೋ ಧೈರ್ಯ ಇರೋದ್ರಿಂದಲೇ ಸತ್ಯ ಮಾತಾಡೋಕಾಗೋದು. ತಿಮೊಥೆಯನಿಗೆ ಕೊಟ್ಟ ನಿಯಮಗಳು 1 ತಿಮೊಥೆಯ 5ನೇ ಅಧ್ಯಾಯದಲ್ಲಿವೆ. ವಯಸ್ಸಾದೋರನ್ನ ಗದರಿಸದೆ ತಂದೆ ಅಂತ ತಿಳಿದು ಬುದ್ಧಿ ಹೇಳು, ಹಿರಿ ಹೆಂಗಸರನ್ನ ತಾಯಂದಿರ ಹಾಗೆ, ಹುಡುಗೀರನ್ನ ಪೂರ್ಣ ಶುದ್ಧಭಾವದಿಂದ ಅಕ್ಕತಂಗಿಯರ ಹಾಗೆ ನೋಡು. ದಿಕ್ಕಿಲ್ಲದ ವಿಧವೆಯರನ್ನ ನೋಡ್ಕೊ. ಹಿರಿಯರ ಮೇಲೆ ದೂರು ಬಂದ್ರೆ ಎರಡು ಮೂರು ಸಾಕ್ಷಿ ಇರಲಿ, ಆದ್ರೆ ಪಾಪ ಮಾಡ್ತಾನೇ ಇರೋರನ್ನ ಎಲ್ಲರ ಮುಂದೆ ಖಂಡಿಸು. ಎರಡೂ ಒಟ್ಟಿಗೆ ಇವೆ ನೋಡಿ, ಸುಳ್ಳು ದೂರಿಂದ ರಕ್ಷಣೆ, ನಿಜ ದೂರು ಮುಚ್ಚಿ ಹಾಕೋದಕ್ಕೆ ತಡೆ.

ಯಾರಾದ್ರೂ ನಿಮ್ಮ ವಿರುದ್ಧ ತಪ್ಪು ಮಾಡಿದ್ರೆ ಮತ್ತಾಯ 18:15ರಿಂದ 17, ಮೊದಲು ಅವರೊಬ್ಬರ ಹತ್ರಾನೇ ಹೋಗಿ ಮಾತಾಡಿ. ಚರ್ಚ್ ವಾಟ್ಸಾಪ್ ಗ್ರೂಪಲ್ಲಿ ಮೊದಲು ಹಾಕೋದು ಬೇಡ. ಕೇಳದಿದ್ರೆ ಒಬ್ಬಿಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ, ಆಗಲೂ ಕೇಳದಿದ್ರೆ ಸಭೆಗೆ. ದುಡ್ಡಿನ ಲೆಕ್ಕ ಆದ್ರೆ ಜನರಲ್ ಬಾಡಿ ಮೀಟಿಂಗಲ್ಲಿ ಆಡಿಟ್ ಆದ ಲೆಕ್ಕ ಕೇಳಿ, ಬರವಣಿಗೇಲಿ ಕೇಳಿ, ಗೌರವದಿಂದ ಕೇಳಿ.

ಆದ್ರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ರೆ ಅಥವಾ ಆಗಿರ್ಬಹುದು ಅನ್ನೋ ಅನುಮಾನ ಬಂದ್ರೂ ಅದು ಒಬ್ಬರ ಹತ್ರ ಹೋಗಿ ರಾಜಿ ಮಾಡೋ ವಿಷಯ ಅಲ್ಲವೇ ಅಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದೋರು ಪೊಲೀಸರಿಗೆ ತಿಳಿಸ್ಲೇಬೇಕು, ತಿಳಿಸದಿರೋದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ಬಹುದು. "ಸಭೆ ಹೆಸರು ಹಾಳಾಗುತ್ತೆ" ಅನ್ನೋರಿಗೆ ಉತ್ತರ ಸಿದ್ಧವಾಗಿಟ್ಕೊಳ್ಳಿ, ತನ್ನ ಮನೆಯ ಹೆಸರು ಕಾಪಾಡ್ಕೊಳ್ಳೋದು ಕ್ರಿಸ್ತನಿಗೆ ಗೊತ್ತು, ಆ ಚಿಕ್ಕೋರಲ್ಲಿ ಒಬ್ಬರಿಗೆ ಅಡ್ಡಿಯಾದೋರ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸೋದೇ ಮೇಲು ಅಂತ ಹೇಳಿದ್ದೂ ಅವನೇ.

ಇನ್ನೊಂದು, ಜಾತಿ. ಸಭೇಲಿ ಓಟು ಜಾತಿ ನೋಡಿ ಬೀಳ್ತಿದ್ರೆ, ಸಂಬಂಧ ಜಾತಿ ನೋಡಿ ಕುದುರ್ತಿದ್ರೆ, ಎಫೆಸ 2:14ರಿಂದ 19 ಓದಿ. ಅಡ್ಡಗೋಡೆ ಕೆಡವಿ ಪರದೇಶಿಗಳನ್ನ ದೇವರ ಮನೆಯವರನ್ನಾಗಿ ಮಾಡೋಕೆ ಕ್ರಿಸ್ತ ತನ್ನ ಶರೀರವನ್ನೇ ಕೊಟ್ಟಿದ್ದಾನೆ, ಅದೇ ಗೋಡೆಗೆ ನಾವು ಮತ್ತೆ ಇಟ್ಟಿಗೆ ಇಡ್ತಿದ್ದೀವಿ. ಹೀಗೆ ನೇರವಾಗಿ ಹೇಳೋರು ಸಭೇಲಿ ಒಬ್ಬರಾದ್ರೂ ಬೇಕು.

5. ಹೆಸರು ಹಿಡಿದು ಪ್ರಾರ್ಥನೆ ಮಾಡಿ

"ಸಭೆಯನ್ನ ಆಶೀರ್ವದಿಸು ಕರ್ತನೇ" ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ. ನಮ್ಮ ಸಭೇಲಿ ಒಬ್ಬ ಅಜ್ಜಿ ಇದ್ದಾರೆ, ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ, ದೊಡ್ಡಕ್ಷರದ ಬೈಬಲ್ಲೇ ಬೇಕು. ಅವರ ಬೈಬಲ್ ಚೀಲದಲ್ಲಿ ಮೊಮ್ಮಗಳ ಹಳೇ ಕಾಪಿ ಪುಸ್ತಕ ಒಂದಿದೆ, ಹಿಂದಿನ ಖಾಲಿ ಹಾಳೆಗಳಲ್ಲಿ ಸಭೆಯ ಮನೆಗಳ ಹೆಸರು, ಒಂದು ಪುಟಕ್ಕೆ ಏಳೆಂಟು ಮನೆ. ಹೆಸರಿನ ಪಕ್ಕ ಚಿಕ್ಕದಾಗಿ "ಮಗನಿಗೆ ಕೆಲಸ", "ಸೊಸೆ ಬಾಣಂತಿ", "ಮಾತು ಬಿಟ್ಟಿದ್ದಾರೆ". ಬೇರೆ ಗುಂಪಿಗೆ ಹೋದ ಮನೆಯೋರ ಹೆಸರು ಯಾರೋ ನೋಡಿ "ಇವರನ್ನ ಯಾಕಜ್ಜಿ ಇನ್ನೂ ಇಟ್ಕೊಂಡಿದ್ದೀರಿ" ಅಂತ ಕೇಳಿದ್ರು. ಅಜ್ಜಿ ಅಂದ್ರು, "ಅವರು ಸೇರಿರೋ ಮನೆ ಯಾರದಪ್ಪಾ? ಹೆಸರು ಹೊಡೆದು ಹಾಕೋಕೆ ನಾನ್ಯಾರು." ದಿನಕ್ಕೆ ಒಂದು ಪುಟ, ಬೆಳಗ್ಗೆ ಕಾಫಿಗೆ ಮುಂಚೆ.

ನೀವೂ ಹಾಗೇ ಶುರು ಮಾಡಿ. ಸಭೆಯ ಡೈರೆಕ್ಟರಿ ಇದ್ರೆ ಅದನ್ನೇ ಇಟ್ಕೊಳ್ಳಿ, ಇಲ್ಲದಿದ್ರೆ ಭಾನುವಾರ ನಿಮ್ಮ ಮುಂದಿನ ಬೆಂಚಲ್ಲಿ ಕೂತೋರಿಂದ ಶುರು ಮಾಡಿ. ನಿಮ್ಮ ಜೊತೆ ಮಾತು ಬಿಟ್ಟೋರ ಹೆಸರು ಮೊದಲ ಪುಟದಲ್ಲೇ ಇರಲಿ. ಪ್ರಾರ್ಥನೇಲಿ ಅವರ ವಿರುದ್ಧ ದೂರು ಹೇಳೋಕೆ ಹೋಗ್ಬೇಡಿ, ಪೇತ್ರನಿಗೆ ಯೇಸು ಮಾಡಿದ ಹಾಗೆ ಮಾಡಿ. ಪೇತ್ರ "ಯೇಸು ಯಾರೋ ನನಗೆ ಗೊತ್ತಿಲ್ಲ" ಅನ್ನೋದಕ್ಕೆ ಮುಂಚೇನೇ, ಹಾಗಂತಾನೆ ಅಂತ ಗೊತ್ತಿದ್ದೂ, ನಿನ್ನ ನಂಬಿಕೆ ಕುಂದದ ಹಾಗೆ ಬೇಡ್ಕೊಂಡಿದ್ದೀನಿ ಅಂದ (ಲೂಕ 22:32). ನಮ್ಮೆಲ್ಲರ ನಂಬಿಕೆ ನಿಂತಿರೋದೂ ಆ ಬೇಡಿಕೆ ಮೇಲೇನೇ.

6. "ಹಿಡ್ಕೊಂಡಿದ್ರೆ" ಅನ್ನೋ ಮಾತಿಗೆ ಹೆದರಬೇಡಿ

ಇಬ್ರಿಯ 3:6ರಲ್ಲಿ ಧೈರ್ಯವನ್ನೂ ನಿರೀಕ್ಷೆಯನ್ನೂ ಕೊನೇವರೆಗೆ ಹಿಡ್ಕೊಂಡಿದ್ರೆ ನಾವು ಆ ಮನೆ ಅಂತಿದೆ. ಇದನ್ನ ಓದಿ ತುಂಬಾ ಜನಕ್ಕೆ ಎದೆ ನಡುಗುತ್ತೆ, ನನ್ನ ಕೈ ಸೋತ್ರೆ ಏನ್ ಗತಿ ಅಂತ. ಅದಕ್ಕೆ ಉತ್ತರ ಅದೇ ಅಧ್ಯಾಯದ 13ನೇ ವಚನದಲ್ಲಿದೆ: "ಈಹೊತ್ತು" ಅನ್ನೋದು ಇರೋವರೆಗೂ ದಿನಾ ಒಬ್ಬರನ್ನೊಬ್ಬರು ಎಚ್ಚರಿಸಿ. ಹಿಡ್ಕೊಳ್ಳೋದು ಒಬ್ಬರ ಕೆಲಸ ಅಲ್ಲ. 10:23ರಲ್ಲಿ ನಿರೀಕ್ಷೆ ಬಿಗಿಯಾಗಿ ಹಿಡ್ಕೊಳ್ಳೋಣ ಅಂದ ತಕ್ಷಣ ವಾಗ್ದಾನ ಮಾಡಿದೋನು ನಂಬಿಗಸ್ತನು ಅಂತ ಹೇಳಿ, ಅದರ ಬೆನ್ನಿಗೇ ಕೂಡಿಬರೋದನ್ನ ಬಿಡಬೇಡಿ ಅಂತಾನೆ. ಆ ವಾಗ್ದಾನ ಮಾಡಿದೋನ ನಂಬಿಗಸ್ತಿಕೆ ನಮ್ಮ ಕೈಗೆ ಬಂದು ತಲುಪೋದು ಹೆಚ್ಚಾಗಿ ಪಕ್ಕದೋರ ಕೈಯಿಂದ.

ಹಾಗಾಗಿ ಇಬ್ಬರನ್ನ ಹುಡುಕ್ಕೊಳ್ಳಿ. ಗುಂಪು ದೊಡ್ಡದಾಗೋದು ಬೇಡ, ಇಬ್ಬರು ಸಾಕು. ದಿನಾ ಒಂದು ವಾಯ್ಸ್ ಮೆಸೇಜ್, ಒಂದು ವಚನ, ಇವತ್ತು ಮನಸ್ಸು ಹೇಗಿದೆ ಅಂತ ನಿಜವಾದ ಒಂದು ಮಾತು. ಫಾರ್ವರ್ಡ್ ಮಾಡಿದ ಹೂವಿನ ಚಿತ್ರ ಸಾಕಾಗಲ್ಲ. ಗಲ್ಫ್ ಕಡೆ ಕೆಲಸಕ್ಕೆ ಹೋಗಿ ಕನ್ನಡ ಆರಾಧನೆ ಅಪರೂಪಕ್ಕೆ ಸಿಗೋರಿಗೆ ಇದು ಇನ್ನೂ ಮುಖ್ಯ. ಕರ್ತನ ಭೋಜನದ ಭಾನುವಾರ ಮಾತ್ರ ಏನೇ ಆದ್ರೂ ತಪ್ಪಿಸ್ಬೇಡಿ. ಅಲ್ಲಿ ನಾವು ಎಷ್ಟು ನಂಬಿಗಸ್ತರು ಅಂತ ತೋರಿಸೋಕೆ ಹೋಗಲ್ಲ, ಅವನು ಕೊಡೋದನ್ನ ತಗೊಳ್ಳೋಕೆ ಕೈ ಚಾಚ್ತೀವಿ.

7. ಈಗ ಯಾವ ಸಭೆಗೂ ಹೋಗ್ತಿಲ್ಲದೋರಿಗೆ

ನೋವಾಗಿ ಬಿಟ್ಟೋರು ಇದ್ದೀರಿ, ಗೊತ್ತು. ನಿಮ್ಮನ್ನ ಬೈಯೋಕೆ ನನಗೆ ಬಾಯಿಲ್ಲ. ಹೊರಗೆ 7 ದಿನ ಇದ್ದ ಮಿರ್ಯಾಮಳಿಗಾಗಿ ಪಾಳೆಯ ಕಾಯ್ತು, ನಿಮಗಾಗಿ ಕಾಯ್ಬೇಕಾದ ಸಭೆ ಕಾಯ್ಲಿಲ್ಲ ಅಂದ್ರೆ ಆ ತಪ್ಪು ನಿಮ್ಮದಲ್ಲ. ನಿಮಗೆ ದೌರ್ಜನ್ಯ ಆದ ಜಾಗಕ್ಕೇ ವಾಪಸ್ ಹೋಗಿ ಅಂತಲೂ ಹೇಳ್ತಿಲ್ಲ, ದೇವರ ಮನೆ ಆ ಒಂದು ಕಟ್ಟಡಕ್ಕಿಂತ ದೊಡ್ಡದು.

ಮೊದಲು ಇಬ್ರಿಯ 4:14ರಿಂದ 16 ಓದಿ, ನಮ್ಮ ಬಲಹೀನತೆ ಕಂಡು ಮರುಗೋ ಮಹಾಯಾಜಕ ಇದ್ದಾನೆ ಅನ್ನೋ ಭಾಗ. ಆಮೇಲೆ ನಿಮಗೆ ನಂಬಿಕೆ ಇರೋ ಒಬ್ಬ ವಿಶ್ವಾಸಿಗೆ ಫೋನ್ ಮಾಡಿ, ನಡೆದಿದ್ದೆಲ್ಲಾ ಹೇಳ್ಕೊಳ್ಳಿ. ಅವರ ಮನೇಲಿ ಕಾಟೇಜ್ ಪ್ರೇಯರ್ (ಮನೇಲೇ ಸೇರೋ ಪ್ರಾರ್ಥನೆ ಕೂಟ) ಇದ್ರೆ ಅಲ್ಲಿಂದ ಶುರು ಮಾಡೋದು ಸುಲಭ, ಚಾಪೆ ಮೇಲೆ ಹತ್ತು ಜನರ ಮಧ್ಯೆ ಕೂರೋದು ದೊಡ್ಡ ಗುಡೀಲಿ ಕೂರೋದಕ್ಕಿಂತ ಹಗುರ. ಭಾನುವಾರ ಹೊಸ ಸಭೆಗೆ ಹೋಗೋದಾದ್ರೆ ಒಬ್ಬರೇ ಹೋಗ್ಬೇಡಿ, ಅವರನ್ನ ಕರ್ಕೊಂಡು ಹೋಗಿ, ಹಿಂದಿನ ಬೆಂಚಲ್ಲಿ ಬಾಗಿಲ ಹತ್ರ ಕೂತ್ಕೊಳ್ಳಿ, ಮಧ್ಯದಲ್ಲಿ ಎದ್ದು ಬರ್ಬೇಕು ಅನ್ನಿಸಿದ್ರೆ ಎದ್ದು ಬನ್ನಿ. ಯಾರಾದ್ರೂ "ಯಾವ ಸಭೆಯಿಂದ ಬಂದ್ರಿ" ಅಂತ ಕೇಳಿದ್ರೆ ಪೂರ್ತಿ ಕಥೆ ಹೇಳಬೇಕಂತಿಲ್ಲ, ಹೆಸರು ಹೇಳಿ, ಊರು ಹೇಳಿ, ಅಷ್ಟು ಸಾಕು. ಮುಂದಿನ ವಾರ ಮತ್ತೆ ಹೋಗಿ.